ಘಾಟಿ ಇಳಿಯುವಾಗ ಮಾತು ಕೇಳುವ ಗೇರ್‌ಬಾಕ್ಸ್: ಕೊಡಗಿನ ರಸ್ತೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಕ್ಕಡದ ಮಳೆ ಹಿಡಿದಿದ್ದ ಒಂದು ಸಂಜೆ ನಮ್ಮ ತೋಟದ ಗೇಟಿನ ಮುಂದಿನ ಏರಿನಲ್ಲಿ ಅಣ್ಣನ ಹೊಸ ಕಾರು ನಿಂತಿತ್ತು. ಒಳಗೆ ಅತ್ತಿಗೆ, ಇಬ್ಬರು ಮಕ್ಕಳು; ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ. ನಾನು ಕೊಡೆ ಹಿಡಿದು ಬಂದು ಗೇಟಿನ ಸರಪಳಿ ಬಿಚ್ಚುವವರೆಗೆ ಅಣ್ಣ ಬ್ರೇಕ್ ಮೇಲೆ ಕಾಲಿಡಲಿಲ್ಲ. ಆಕ್ಸಿಲರೇಟರನ್ನು ಹದವಾಗಿ ಒತ್ತಿ, ಹಿಂದಕ್ಕೂ ಹೋಗದಂತೆ ಮುಂದಕ್ಕೂ ಬರದಂತೆ ಕಾರನ್ನು ಏರಿನಲ್ಲೇ ತಡೆದು ನಿಲ್ಲಿಸಿಕೊಂಡಿದ್ದ. ಆಟೊಮ್ಯಾಟಿಕ್ ಕಾರು, ಕ್ಲಚ್ ಪೆಡಲ್ಲೇ ಇಲ್ಲ, ಸುಡುವುದಕ್ಕೆ ಏನಿದೆ ಎಂಬುದು ಅವನ ನಂಬಿಕೆ. ಸರಪಳಿ ತುಕ್ಕು ಹಿಡಿದಿತ್ತು, ನನಗೆ ಎರಡು ಮೂರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಸುಟ್ಟ ವಾಸನೆ ಗೇಟಿನವರೆಗೆ ಬಂತು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು, ಕಾರು ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್ ಬ್ರೇಕ್ ಎಳೆದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಕ್ಲಚ್ ಪ್ಲೇಟ್ ಹೋಗಿತ್ತು.

ಪೆಡಲ್ ಇರಲಿಲ್ಲ, ಕ್ಲಚ್ ಇತ್ತು. ಕಾರು ಮಾರಿದವರು ಅಣ್ಣನಿಗೆ ಈ ಒಂದು ಮಾತನ್ನು ಹೇಳಿರಲಿಲ್ಲ. 'ಆಟೊಮ್ಯಾಟಿಕ್' ಎಂಬ ಒಂದೇ ಹೆಸರಿನಡಿ ಇಂದು ಕನಿಷ್ಠ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. ಬಯಲು ಸೀಮೆಯ ನೇರ ರಸ್ತೆಯಲ್ಲಿ ಅವುಗಳ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ರೈಲು ಹಳಿಯೇ ಇಲ್ಲದ, ಆಸ್ಪತ್ರೆಗೂ ಸಂತೆಗೂ ಮದುವೆಗೂ ಏರಿಳಿದೇ ಹೋಗಬೇಕಾದ ನಮ್ಮ ಜಿಲ್ಲೆಯಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ. ಹೊಸ ಕಾರು ಕೊಳ್ಳಲು ಹೊರಟವರೂ ಈಗಾಗಲೇ ಕೊಂಡವರೂ ತಮ್ಮ ಗೇರ್‌ಬಾಕ್ಸನ್ನು ಅರಿತುಕೊಳ್ಳಲಿ ಎಂದು ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಗೇರ್‌ಬಾಕ್ಸ್ ಏಕೆ ಬೇಕು ಎಂಬುದನ್ನು ತಿಳಿಯಿರಿ

ಕಾಫಿ ಮೂಟೆ ಹೊತ್ತು ಏರು ಹತ್ತುವವರ ನಡಿಗೆಯನ್ನು ನೋಡಿ. ಹೆಜ್ಜೆ ಚಿಕ್ಕದು, ಸಂಖ್ಯೆ ಹೆಚ್ಚು. ಅದೇ ವ್ಯಕ್ತಿ ಸಮತಟ್ಟಾದ ಕಣದಲ್ಲಿ ಬರಿಗೈಯಲ್ಲಿ ನಡೆಯುವಾಗ ಉದ್ದನೆಯ ಹೆಜ್ಜೆ ಹಾಕುತ್ತಾರೆ. ಎಂಜಿನ್‌ಗೂ ಇದೇ ಅನುಕೂಲವನ್ನು ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ಸಾಮಾನ್ಯ ಸಣ್ಣ ಕಾರಿನ ಮೊದಲ ಗೇರ್‌ನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಸುಮಾರು 14 ಸುತ್ತು ತಿರುಗಬೇಕು. ಐದನೇ ಗೇರ್‌ನಲ್ಲಿ ಮೂರು ಚಿಲ್ಲರೆ ಸುತ್ತು ಸಾಕು. ಮೊದಲನೆಯದರಲ್ಲಿ ಬಲ ಹೆಚ್ಚು, ವೇಗ ಕಡಿಮೆ. ಐದನೆಯದರಲ್ಲಿ ತದ್ವಿರುದ್ಧ.

ಇದರ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ. ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಕೆಳಗಿನ ಗೇರ್‌ನಲ್ಲಿದ್ದರೆ ಚಕ್ರದ ಒಂದೊಂದು ಸುತ್ತಿಗೂ ಎಂಜಿನ್ನನ್ನು ಅಷ್ಟೊಂದು ಸಲ ತಿರುಗಿಸಬೇಕಾದ್ದರಿಂದ ಕಾರಿನ ಓಟ ತಾನಾಗಿ ಕಡಿಮೆಯಾಗುತ್ತದೆ. ಎಂಜಿನ್ ಬ್ರೇಕಿಂಗ್ ಎಂದರೆ ಇದೇ.

ಒಂದು ಲೆಕ್ಕ ಹಾಕೋಣ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಸುಳ್ಯ ನೂರು ಮೀಟರಿನ ಆಸುಪಾಸಿನಲ್ಲಿದೆ. ಸಂಪಾಜೆ ಘಾಟಿ ಇಳಿದು ಅಲ್ಲಿಗೆ ಹೋಗುವಾಗ ಒಟ್ಟು ಸಾವಿರ ಮೀಟರ್ ಕೆಳಗಿಳಿಯುತ್ತೇವೆ. ಜನರೂ ಸಾಮಾನೂ ಸೇರಿ 1,400 ಕಿಲೊ ತೂಗುವ ಕಾರು ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನು ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಯೂನಿಟ್‌ಗೆ ಹತ್ತಿರ. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯನ್ನು ನಾಲ್ಕು ಗಂಟೆ ಉರಿಸಿದಷ್ಟು ಬಿಸಿ. ಗಾಳಿಯ ತಡೆ ಮತ್ತು ಟೈರುಗಳು ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಉಳಿದದ್ದು ಎಂಜಿನ್ ಮೂಲಕ ಹೋಗಬೇಕು, ಇಲ್ಲವೇ ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೂಲಕ. ಹಾಗಾಗಿ ಕಾರು ಎಷ್ಟು ಚೆನ್ನಾಗಿ ಹತ್ತುತ್ತದೆ ಎಂಬುದಕ್ಕಿಂತ, ಇಳಿಯುವಾಗ ನಾನು ಹೇಳಿದ ಗೇರ್‌ನಲ್ಲಿ ನಿಲ್ಲುತ್ತದೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಹತ್ತಲಾಗದ ಕಾರು ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ನಿಲ್ಲದ ಕಾರಿನ ಕಥೆ ಬೇರೆ.

ಹಂತ 2: ನಿಮ್ಮ ದಾರಿಯ ಮೂರು ಜಾಗಗಳನ್ನು ಗುರುತಿಸಿಕೊಳ್ಳಿ

ಶೋರೂಮಿಗೆ ಹೋಗುವ ಮೊದಲು ಮನೆಯಲ್ಲೇ ಕುಳಿತು ಯೋಚಿಸಿ. ನೀವು ದಿನವೂ ಓಡಾಡುವ ದಾರಿಯಲ್ಲಿ ಕಾರನ್ನು ನಿಲ್ಲಿಸಿ ಮತ್ತೆ ಎತ್ತಬೇಕಾದ ಅತ್ಯಂತ ಕಡಿದಾದ ಜಾಗ ಯಾವುದು? ಬಹುತೇಕ ಮನೆಗಳಿಗೆ ಅದು ಸ್ವಂತ ಗೇಟಿನ ಏರೇ ಆಗಿರುತ್ತದೆ. ಎರಡನೆಯದು, ತೆವಳುತ್ತಾ ಹೋಗಬೇಕಾದ ಜಾಗ: ಘಾಟಿಯಲ್ಲಿ ಲಾರಿಯ ಹಿಂದೆ, ರಜಾದಿನಗಳಲ್ಲಿ ಅಬ್ಬಿ ಜಲಪಾತದ ದಾರಿಯಲ್ಲಿ, ತುಲಾ ಸಂಕ್ರಮಣದಂದು ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ಎಂಟು ಕಿಲೊಮೀಟರಿನಲ್ಲಿ. ಮೂರನೆಯದು ಉದ್ದನೆಯ ಇಳಿಜಾರು: ಸಂಪಾಜೆಯ ಕಡೆಗೋ ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೋ.

ಕುಶಾಲನಗರದಲ್ಲಿದ್ದು ಮೈಸೂರಿಗೆ ಮಾತ್ರ ಹೋಗಿಬರುವವರಿಗೆ ಈ ಮೂರೂ ಹೆಚ್ಚು ಕಾಡುವುದಿಲ್ಲ. ಅವರಿಗೆ ಯಾವ ಗೇರ್‌ಬಾಕ್ಸ್ ಆದರೂ ನಡೆದೀತು. ಗಾಳಿಬೀಡಿನಲ್ಲಿ ಮನೆಯಿರುವವರಿಗೆ ಹಾಗಲ್ಲ. ಇನ್ನು ಮುಂದೆ ಒಂದೊಂದು ಬಗೆಯನ್ನೂ ಈ ಮೂರು ಜಾಗಗಳಲ್ಲಿ ನಿಲ್ಲಿಸಿಯೇ ನೋಡುತ್ತೇನೆ.

ಹಂತ 3: ಬಗೆಗಳನ್ನು ಒಂದೊಂದಾಗಿ ಅರಿಯಿರಿ

*ಮ್ಯಾನುಯಲ್.* ಕ್ಲಚ್ ಪೆಡಲ್ ಒತ್ತಿದಾಗ ಎಂಜಿನ್ನಿನ ನಂಟು ಕಡಿಯುತ್ತದೆ, ಗೇರ್ ಬದಲಾಗುತ್ತದೆ, ಕಾಲು ತೆಗೆದಾಗ ನಂಟು ಮತ್ತೆ ಕೂಡುತ್ತದೆ. ಮಧ್ಯೆ ಇರುವುದು ಒಂದು ತಟ್ಟೆ, ಕ್ಲಚ್ ಪ್ಲೇಟ್. ಅದು ಪೂರ್ತಿ ಅಂಟಿರುವಾಗಲೂ ಪೂರ್ತಿ ಬಿಟ್ಟಿರುವಾಗಲೂ ಸವೆಯುವುದಿಲ್ಲ. ಅರ್ಧ ಅಂಟಿ ಉಜ್ಜುವಾಗ, ನಾವು ಹಾಫ್ ಕ್ಲಚ್ ಎನ್ನುವ ಸ್ಥಿತಿಯಲ್ಲಿ, ಸವೆಯುತ್ತದೆ, ಸುಡುತ್ತದೆ. ಆದ್ದರಿಂದ ಏರಿನಲ್ಲಿ ಕಾಯುವಾಗ ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ಗೆ ತಂದು, ಕ್ಲಚ್ಚಿನಿಂದ ಕಾಲು ತೆಗೆಯಿರಿ. ಹೊರಡುವಾಗ ಮೊದಲ ಗೇರ್ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಕಾರಿನ ಮೂತಿ ಸ್ವಲ್ಪ ಮೇಲೇಳುವುದನ್ನು ಕಾದು, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ.

ಇಳಿಜಾರಿನಲ್ಲಿ ಮ್ಯಾನುಯಲ್‌ನಷ್ಟು ವಿಧೇಯ ಗೇರ್‌ಬಾಕ್ಸ್ ಇನ್ನೊಂದಿಲ್ಲ. ಎರಡನೇ ಗೇರ್ ಹಾಕಿದರೆ ಎರಡರಲ್ಲೇ ಇರುತ್ತದೆ. ಬ್ಯಾಟರಿ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಮಳೆಗಾಲದಲ್ಲಿ ಒಂದು ವಾರ ಕಾರು ತೆಗೆಯದ ತೋಟದ ಮನೆಗಳಿಗೆ ಇದು ಸಣ್ಣ ಮಾತಲ್ಲ. ತೊಂದರೆ ಇರುವುದು ಎರಡನೇ ಜಾಗದಲ್ಲಿ. ಲಾರಿಯ ಹಿಂದೆ ಅರ್ಧ ಗಂಟೆ ತೆವಳಿದರೆ ಎಡಗಾಲು ಸೋಲುತ್ತದೆ, ಕಾಲು ಸೋತಾಗ ಹಾಫ್ ಕ್ಲಚ್ ಶುರುವಾಗುತ್ತದೆ.

*ಐಎಂಟಿ.* ಇದು ಕ್ಲಚ್ ಪೆಡಲ್ ಇಲ್ಲದ ಮ್ಯಾನುಯಲ್. ಗೇರ್ ಲಿವರನ್ನು ನೀವೇ ಹಾಕುತ್ತೀರಿ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ. ನಮ್ಮ ದೇಶದಲ್ಲಿ 2020ರಲ್ಲಿ ಹ್ಯುಂಡೈ ವೆನ್ಯೂ ಕಾರಿನೊಂದಿಗೆ ಬಂತು. ಇಳಿಯುವಾಗ ಮ್ಯಾನುಯಲ್‌ನಷ್ಟೇ ಒಳ್ಳೆಯದು. ಎಡಗಾಲಿನ ನೋವಿನಿಂದ ಬಳಲುವವರು ನೋಡಬಹುದಾದ ದಾರಿ.

*ಎಎಂಟಿ.* ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗಿ ತಿಳಿಯಲಾದ ಗೇರ್‌ಬಾಕ್ಸ್ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2014ರಲ್ಲಿ ಮಾರುತಿ ಸೆಲೆರಿಯೊ ಇದನ್ನು ಭಾರತದ ಸಣ್ಣ ಕಾರಿಗೆ ತಂದಿತು. ಮ್ಯಾನುಯಲ್‌ಗಿಂತ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೆಚ್ಚು ಕೊಟ್ಟರೆ ಸಿಗುತ್ತದೆ, ಮೈಲೇಜೂ ಕಡಿಮೆಯಾಗುವುದಿಲ್ಲ. ಇಷ್ಟು ಅಗ್ಗವಾಗಲು ಕಾರಣ ಸರಳ: ಒಳಗಿರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಮತ್ತು ಎಡಗೈಯ ಕೆಲಸವನ್ನು ಒಂದು ಕಂಪ್ಯೂಟರ್ ಮತ್ತು ಅದು ಓಡಿಸುವ ಸಣ್ಣ ಯಂತ್ರಾಂಗಗಳು ಮಾಡುತ್ತವೆ.

ಅಣ್ಣನ ಕಾರು ಇದೇ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಂತಾಗ ಒಳಗಿನ ಯಂತ್ರ ಪಾಪ, ಅವನ ಪರವಾಗಿ ಹಾಫ್ ಕ್ಲಚ್ ಹಿಡಿದು ನಿಂತಿತ್ತು. ಎಎಂಟಿ ಓಡಿಸುವವರು ಒಂದು ನಿಯಮವನ್ನು ಮರೆಯಬಾರದು: ಏರಿನಲ್ಲಿ ನಿಂತಿರುವಷ್ಟು ಹೊತ್ತೂ ಬ್ರೇಕ್ ಮೇಲೆಯೇ ಕಾಲಿರಲಿ, ಹೆಚ್ಚು ಹೊತ್ತಾಗುವುದಾದರೆ ಹ್ಯಾಂಡ್ ಬ್ರೇಕ್ ಹಾಕಿ ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ, ತನ್ನಿ. ಹಿಲ್ ಹೋಲ್ಡ್ ಇದೆ ಎಂದು ಮೈಮರೆಯಬೇಡಿ. ಅದು ಬ್ರೇಕ್ ಬಿಟ್ಟ ಮೇಲೆ ಎರಡು ಸೆಕೆಂಡಿನಷ್ಟು ಮಾತ್ರ ಕಾರನ್ನು ಹಿಡಿಯುತ್ತದೆ.

ಘಾಟಿ ಹತ್ತುವಾಗ ಎಎಂಟಿಯ ಇನ್ನೊಂದು ಗುಣ ಕಾಣಿಸುತ್ತದೆ. ತಿರುವಿನಲ್ಲಿ ಕಾಲು ಸಡಿಲಿಸಿದ ಕೂಡಲೇ ಅದು ಮೂರನೇ ಗೇರ್‌ಗೆ ಹೋಗುತ್ತದೆ. ತಿರುವು ದಾಟಿ ಒತ್ತಿದಾಗ ಮತ್ತೆ ಎರಡಕ್ಕೆ ಬರಲು ಒಂದು ಕ್ಷಣ ತಡೆಯುತ್ತದೆ. ಆ ಕ್ಷಣದಲ್ಲಿ ಎಳೆತವೇ ಇರುವುದಿಲ್ಲ, ಕುಳಿತವರೆಲ್ಲ ಮುಂದಕ್ಕೆ ತಲೆಯಾಡಿಸುತ್ತಾರೆ. ಇದಕ್ಕೆ ಮದ್ದು ಲಿವರ್ ಪಕ್ಕದಲ್ಲೇ ಇದೆ. ಘಾಟಿಯ ಬುಡದಲ್ಲೇ ಎಂ (ಮ್ಯಾನುಯಲ್) ಸ್ಥಾನಕ್ಕೆ ತಂದು ಎರಡನೇ ಗೇರ್‌ನಲ್ಲಿ ನಿಲ್ಲಿಸಿಕೊಳ್ಳಿ. ಎಎಂಟಿ ಕಾರು ಕೊಂಡು ಹಲವು ವರ್ಷವಾದರೂ ಆ ಎಂ ಅಕ್ಷರವನ್ನು ಒಮ್ಮೆಯೂ ಮುಟ್ಟದವರನ್ನು ನಾನು ಬಲ್ಲೆ. ದಯವಿಟ್ಟು ಮುಟ್ಟಿ. ಇಳಿಯುವಾಗಲಂತೂ ಅದೇ ನಿಮ್ಮ ಆಧಾರ.

*ಟಾರ್ಕ್ ಕನ್ವರ್ಟರ್.* ದೊಡ್ಡ ಉರುಳಿಯಲ್ಲಿ ಪಾಯಸವನ್ನು ಒಂದು ಸೌಟಿನಿಂದ ಗರಗರ ತಿರುಗಿಸುತ್ತಿದ್ದೀರಿ ಎಂದುಕೊಳ್ಳಿ. ಅದರಲ್ಲೇ ಬಿಟ್ಟ ಇನ್ನೊಂದು ಸೌಟನ್ನು ಯಾರೂ ಮುಟ್ಟದಿದ್ದರೂ ಪಾಯಸದ ಸುಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೆ ಕೂಡಿದ ಒಂದು ರೆಕ್ಕೆಚಕ್ರ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಎದುರಿನ ರೆಕ್ಕೆಚಕ್ರವನ್ನು ತಿರುಗಿಸುತ್ತದೆ. ನಡುವೆ ಇರುವ ಮೂರನೆಯ ಚಕ್ರ ಎಣ್ಣೆಯ ಹರಿವನ್ನು ತಿರುಗಿಸಿ ಕೊಟ್ಟು, ಹೊರಡುವ ಹೊತ್ತಿನಲ್ಲಿ ಬಲವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಉಜ್ಜಿ ಸವೆಯುವ ತಟ್ಟೆಯ ಬದಲು ಎಣ್ಣೆ ಇರುವುದರಿಂದ ಏರಿನಲ್ಲಿ ತೆವಳುವುದು ಇದಕ್ಕೆ ಶಿಕ್ಷೆಯೆನಿಸುವುದಿಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1939ರಲ್ಲಿ ಎಣ್ಣೆಯ ಜೋಡಣೆಯ ಆಟೊಮ್ಯಾಟಿಕ್ ಕಾರನ್ನು ಜನಸಾಮಾನ್ಯರ ಮಾರುಕಟ್ಟೆಗೆ ತಂದಾಗಿನಿಂದ ಈ ವಂಶ ಪಳಗುತ್ತಲೇ ಬಂದಿದೆ.

ಮಹೀಂದ್ರ ಥಾರ್, ಮಾರುತಿ ಬ್ರೆಝಾ, ಜಿಮ್ನಿಗಳ ಆಟೊಮ್ಯಾಟಿಕ್ ಈ ಬಗೆಯದು. ಗೇಟಿನ ಏರು, ಲಾರಿಯ ಹಿಂದಿನ ತೆವಳುವಿಕೆ ಎರಡರಲ್ಲೂ ನಾನು ಪೂರ್ಣ ಅಂಕ ಕೊಡುವುದು ಇದಕ್ಕೆ. ಬ್ರೇಕ್ ಬಿಟ್ಟ ಕೂಡಲೇ ಮೃದುವಾಗಿ ಮುಂದಕ್ಕೆ ಹರಿಯುತ್ತದೆ, ಮುಂದಿನ ಕಾರಿಗೆ ಒಂದು ಗೇಣು ಅಂತರವಿದ್ದರೂ ಭಯವಿಲ್ಲ. ಇಳಿಯುವಾಗ ಮಾತ್ರ ಮಾಮೂಲಿ ಓಟದ ಡಿ (ಡ್ರೈವ್) ಸ್ಥಾನದಲ್ಲೇ ಬಿಟ್ಟರೆ ಸಲೀಸಾಗಿ ಓಡಿಬಿಡುತ್ತದೆ. ಕಾರಿನಲ್ಲಿರುವ ಎಲ್, 2 ಅಥವಾ ಮ್ಯಾನುಯಲ್ ಸ್ಥಾನವನ್ನು ಬಳಸಲೇಬೇಕು. ಬೆಲೆ ಹೆಚ್ಚು, ಹಳೆಯ ನಾಲ್ಕು ಗೇರ್‌ಗಳ ಬಗೆಯಾದರೆ ಪೆಟ್ರೋಲ್ ಕೂಡ ಹೆಚ್ಚು ಕುಡಿಯುತ್ತದೆ.

*ಸಿವಿಟಿ.* ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಮೋಟಾರಿನಿಂದ ಬೆಲ್ಟ್ ಎಳೆದಿರುವುದನ್ನು ನೋಡಿದ್ದೀರಲ್ಲ. ಪಲ್ಪರಿನ ವೇಗ ಬದಲಾಗಬೇಕಾದರೆ ಬೇರೆ ಅಳತೆಯ ಪುಲ್ಲಿ ಹಾಕುತ್ತಾರೆ. ಓಡುತ್ತಿರುವಾಗಲೇ ಪುಲ್ಲಿ ತಾನೇ ಹಿಗ್ಗಿ ಕುಗ್ಗಿದರೆ ಹೇಗೆ? ಅದೇ ಸಿವಿಟಿ. ಶಂಕುವಿನಾಕಾರದ ಎರಡು ಜೊತೆ ಪುಲ್ಲಿಗಳು, ನಡುವೆ ಉಕ್ಕಿನ ಬೆಲ್ಟ್. ಒಂದನೇ ಗೇರ್, ಎರಡನೇ ಗೇರ್ ಎಂಬ ಮೆಟ್ಟಿಲುಗಳೇ ಇಲ್ಲ. ಡಚ್ ಕಂಪನಿ ಡಾಫ್ 1958ರಲ್ಲಿ ರಬ್ಬರ್ ಬೆಲ್ಟಿನ ಸಿವಿಟಿ ಕಾರನ್ನು ತೋರಿಸಿತ್ತು. ಗೇರ್‌ಲೆಸ್ ಸ್ಕೂಟರಿನಲ್ಲಿ ಇಂದು ಇರುವುದೂ ಅಂಥದ್ದೇ ರಬ್ಬರ್ ಬೆಲ್ಟಿನ ಚಿಕ್ಕ ರೂಪ.

ಹೋಂಡಾ ಸಿಟಿಯಂಥ ಸಿವಿಟಿ ಕಾರಿನಲ್ಲಿ ಜರ್ಕ್ ಎಂಬುದಿಲ್ಲ, ಹಿಂದೆ ಕುಳಿತ ಅಜ್ಜಿಗೆ ವಾಂತಿಯಾಗುವುದು ಎಷ್ಟೋ ಕಡಿಮೆ. ತಿರುವುಗಳೇ ತುಂಬಿದ ನಮ್ಮ ದಾರಿಗೆ ಇದು ದೊಡ್ಡ ಗುಣ. ಏರಿನಲ್ಲಿ ಜೋರಾಗಿ ಒತ್ತಿದರೆ ಎಂಜಿನ್ ಒಂದೇ ಸಮನೆ ಕೂಗುತ್ತದೆ, ವೇಗ ಮಾತ್ರ ನಿಧಾನವಾಗಿ ಏರುತ್ತದೆ. ಅದು ಕೆಟ್ಟಿದೆ ಎಂದಲ್ಲ, ಅದರ ಸ್ವಭಾವವೇ ಹಾಗೆ. ಕಾಲನ್ನು ಪೂರ್ತಿ ಒತ್ತದೆ ಮುಕ್ಕಾಲಿಗೆ ಹಿಡಿದರೆ ಕೂಗು ಇಳಿಯುತ್ತದೆ. ಪೂರ್ತಿ ತುಂಬಿದ ಕಾರಿನಲ್ಲಿ ಉದ್ದನೆಯ ಏರನ್ನು ಕಾಲು ಒತ್ತಿಹಿಡಿದೇ ಹತ್ತಿದರೆ ಒಳಗಿನ ಎಣ್ಣೆ ಕಾಯುತ್ತದೆ. ತೋಟದ ಕೆಸರಿನಲ್ಲಿ ಚಕ್ರ ಹೂತಾಗ ಸಿಕ್ಕಾಪಟ್ಟೆ ತಿರುಗಿಸುವುದೂ ಬೆಲ್ಟಿಗೆ ಒಳ್ಳೆಯದಲ್ಲ. ಇಳಿಯಲು ಎಲ್ ಅಥವಾ ಎಸ್ ಸ್ಥಾನ, ಅಥವಾ ಸ್ಟೀರಿಂಗಿನ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇದೆಯೇ ಎಂದು ನೋಡಿಯೇ ಕೊಳ್ಳಿ.

*ಡಿಸಿಟಿ.* ಇದರಲ್ಲಿ ಎರಡು ಕ್ಲಚ್. ಒಂದು 1, 3, 5ನೇ ಗೇರ್‌ಗಳನ್ನು, ಇನ್ನೊಂದು 2, 4, 6ನೇ ಗೇರ್‌ಗಳನ್ನು ನೋಡಿಕೊಳ್ಳುತ್ತದೆ. ನೀವು ಎರಡರಲ್ಲಿ ಓಡುತ್ತಿರುವಾಗಲೇ ಮೂರು ಸಿದ್ಧವಾಗಿ ಕಾಯುತ್ತಿರುತ್ತದೆ, ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಫೋಕ್ಸ್‌ವ್ಯಾಗನ್ 2003ರಲ್ಲಿ ಡಿಎಸ್‌ಜಿ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಯ ಕಾರಿಗೆ ತಂದಿತು. ಓಡಿಸುವ ಸುಖಕ್ಕೆ ಇದಕ್ಕಿಂತ ಮೇಲಾದ ಆಟೊಮ್ಯಾಟಿಕ್ ಇಲ್ಲ ಎಂದು ನನಗೆ ಅನಿಸುತ್ತದೆ. ಸಂಪಾಜೆಯ ತಿರುವುಗಳಲ್ಲಿ ಪ್ಯಾಡಲ್ ಒತ್ತಿ ಎರಡಕ್ಕೆ ಇಳಿಸಿದರೆ ಒಡನೆಯೇ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ.

ಕೇಳಬೇಕಾದ ಪ್ರಶ್ನೆ ಒಂದೇ: ಕ್ಲಚ್ ಒಣ ಬಗೆಯದೋ, ಎಣ್ಣೆಯಲ್ಲಿ ಮುಳುಗಿದ ಬಗೆಯದೋ? ಒಣ ಕ್ಲಚ್ಚಿನ ಬಿಸಿ ಗಾಳಿಗೆ ಮಾತ್ರ ಹೋಗಬೇಕು. ಏರಿನಲ್ಲಿ ತೆವಳುವಾಗ ಅದು ಎಎಂಟಿಯಂತೆಯೇ ಕಾಯುತ್ತದೆ, ಹೆಚ್ಚು ಕಾದರೆ ಎಚ್ಚರಿಕೆ ಕೊಟ್ಟು ಕೈಚೆಲ್ಲುತ್ತದೆ. ಮುಳುಗಿದ ಬಗೆಯಲ್ಲಿ ಎಣ್ಣೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಟಾಟಾ ಆಲ್ಟ್ರೋಝ್‌ನ ಡಿಸಿಎ ಮುಳುಗಿದ ಬಗೆಯದು. ಒಣ ಕ್ಲಚ್ಚಿನ ಕಾರು ಈಗಾಗಲೇ ಇದ್ದರೆ, ಸಾಲಿನಲ್ಲಿ ಪ್ರತಿ ಅಡಿಗೂ ಮುಂದೆ ಸರಿಯಬೇಡಿ. ಮುಂದೆ ಎರಡು ಕಾರಿನಷ್ಟು ಜಾಗವಾಗುವವರೆಗೆ ಬ್ರೇಕ್ ಹಿಡಿದು ಕಾದು, ಆಮೇಲೆ ಒಮ್ಮೆಲೇ ಸರಿಯಿರಿ.

*ವಿದ್ಯುತ್ ಕಾರು ಮತ್ತು ಹೈಬ್ರಿಡ್.* ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ; ಸಾಮಾನ್ಯವಾಗಿ ಒಂದೇ ಗೇರ್ ಸಾಕು, ಕ್ಲಚ್ ಬೇಡ. ಎತ್ತರದ ಗಾಳಿ ತೆಳುವಾಗಿರುವುದರಿಂದ ಮಡಿಕೇರಿಯಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಬಲದಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ, ಮೋಟಾರಿಗೆ ಆ ನಷ್ಟವೂ ಇಲ್ಲ. ಇಳಿಯುವಾಗಲಂತೂ ಇದರದೇ ಸೊಗಸು. ಮೋಟಾರು ಡೈನಮೋ ಆಗಿ ತಿರುಗಿ, ಹಂತ 1ರಲ್ಲಿ ಲೆಕ್ಕ ಹಾಕಿದ ಆ ನಾಲ್ಕು ಯೂನಿಟ್‌ನಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ. ಆದರೆ ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಆ ತಡೆಯುವ ಶಕ್ತಿಯೇ ಕುಂದುತ್ತದೆ. ಹತ್ತು ಹದಿನೈದು ಶೇಕಡಾ ಖಾಲಿ ಬಿಟ್ಟು ಹೊರಡಿ.

ಇನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ, ಅಂದರೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ಓಡಿಸುವ ಕಾರುಗಳಲ್ಲಿ, ಇ-ಸಿವಿಟಿ ಎಂಬ ಹೆಸರಿದ್ದರೂ ಬೆಲ್ಟ್ ಇಲ್ಲ; ಗ್ರಹಗಳಂತೆ ಒಂದರ ಸುತ್ತ ಒಂದು ತಿರುಗುವ ಹಲ್ಲುಚಕ್ರಗಳ ಜೊತೆ ಮೋಟಾರುಗಳು ಕೆಲಸ ಮಾಡುತ್ತವೆ. ಗ್ರ್ಯಾಂಡ್ ವಿಟಾರಾದಲ್ಲಿ ಇಳಿಜಾರಿಗೆ ಬಿ ಎಂಬ ಸ್ಥಾನವಿದೆ. ಬ್ಯಾಟರಿ ತುಂಬಿದ ಮೇಲೆ ಅದು ಎಂಜಿನ್ನಿನಿಂದಲೇ ತಡೆಯುತ್ತದೆ, ಆಗ ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಸದ್ದು ಮಾಡಿದರೆ ಗಾಬರಿಯಾಗಬೇಡಿ.

*ಲೋ ರೇಂಜ್.* ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಲ್ಲಿ ಗೇರ್‌ಬಾಕ್ಸಿನ ಪಕ್ಕ ಇನ್ನೊಂದು ಚಿಕ್ಕ ಲಿವರ್ ಇರುತ್ತದೆ. ನಾಲ್ಕೂ ಚಕ್ರಗಳಿಗೆ ಬಲ ಹಂಚುವುದು, ಎಲ್ಲ ಗೇರ್‌ಗಳನ್ನೂ ಒಟ್ಟಿಗೆ ಇನ್ನಷ್ಟು ತಗ್ಗಿಸುವುದು ಅದರ ಕೆಲಸ. ಲೋ ರೇಂಜಿನ ಮೊದಲ ಗೇರ್‌ನಲ್ಲಿ ಬ್ರೇಕ್ ಮುಟ್ಟದೆ ಕಲ್ಲು ಕೊರಕಲುಗಳ ಇಳಿಜಾರನ್ನು ನಡಿಗೆಯ ವೇಗದಲ್ಲಿ ಇಳಿಯಬಹುದು. ತೋಟದೊಳಗೆ ಮಣ್ಣಿನ ದಾರಿ ಇರುವವರು ಮಾತ್ರ ಇದಕ್ಕೆ ಹಣ ಹಾಕಲಿ. ಡಾಂಬರು ರಸ್ತೆಯಲ್ಲಿ ಇದನ್ನು ಹಾಕಿ ತಿರುವು ತೆಗೆದರೆ ಚಕ್ರಗಳು ಒಂದಕ್ಕೊಂದು ಸೆಣಸಿ ಒಳಗಿನ ಭಾಗಗಳು ಹಾಳಾಗುತ್ತವೆ.

ಹಂತ 4: ಹೆಸರಿನ ಹಿಂದಿರುವುದನ್ನು ಗುರುತಿಸಿ

ಕಂಪನಿಗಳು ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರಿಡುತ್ತವೆ. ಮಾರುತಿಯ ಎಜಿಎಸ್ ಎಂದರೆ ಎಎಂಟಿ. ಹ್ಯುಂಡೈನ ಐವಿಟಿ ಎಂದರೆ ಸಿವಿಟಿ. ಟಾಟಾದ ಡಿಸಿಎ, ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎರಡೂ ಡಿಸಿಟಿ. ಬರಿಯ ಎಟಿ ಎಂದಿದ್ದರೆ ಹೆಚ್ಚಾಗಿ ಟಾರ್ಕ್ ಕನ್ವರ್ಟರ್, ಆದರೂ ಕೇಳಿ ಖಚಿತಪಡಿಸಿಕೊಳ್ಳಿ. ಲಿವರನ್ನು ನೋಡಿಯೂ ಸುಳಿವು ಹಿಡಿಯಬಹುದು: ಕ್ಲಚ್ ಪೆಡಲ್ ಇಲ್ಲ, ಪಾರ್ಕಿಂಗ್‌ನ ಪಿ ಎಂಬ ಅಕ್ಷರವೂ ಇಲ್ಲ ಎಂದಾದರೆ ಬಹುತೇಕ ಎಎಂಟಿ. ಅಂಥ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ಎನ್‌ನಲ್ಲಿ ಬಿಟ್ಟು ಹೋಗಬಾರದು. ಹ್ಯಾಂಡ್ ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟೇ ಎಂಜಿನ್ ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಡಿ. ಪಿ ಇರುವ ಕಾರಿನಲ್ಲಿ ಕ್ರಮ ಬೇರೆ: ಬ್ರೇಕ್ ಒತ್ತಿಕೊಂಡೇ ಮೊದಲು ಹ್ಯಾಂಡ್ ಬ್ರೇಕ್ ಎಳೆಯಿರಿ, ಆಮೇಲೆ ಪಿ. ಮೊದಲೇ ಪಿ ಹಾಕಿ ಬ್ರೇಕ್ ಬಿಟ್ಟರೆ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಕಿರುಬೆರಳಿನಂಥ ಒಂದು ಕೊಕ್ಕೆಯ ಮೇಲೆ ಬೀಳುತ್ತದೆ.

ಹಂತ 5: ನಿಮ್ಮ ದಾರಿಯಲ್ಲೇ ಓಡಿಸಿ ನೋಡಿ

ಶೋರೂಮಿನವರು ತೋರಿಸುವ ದಾರಿ ಸಾಮಾನ್ಯವಾಗಿ ಸಮತಟ್ಟು. ಅದನ್ನು ಒಪ್ಪಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಏರಿರುವ ಕಡೆ ಹೋಗಿ. ಒಬ್ಬರೇ ಕುಳಿತು ಓಡಿಸಿದ ಕಾರು ಐವರು ಕುಳಿತಾಗ ಬೇರೆಯದೇ ಕಾರು. ಏರಿನ ನಡುವೆ ನಿಲ್ಲಿಸಿ, ಬ್ರೇಕ್ ಬಿಟ್ಟು ಎಷ್ಟು ಹಿಂದೆ ಜಾರುತ್ತದೆ ನೋಡಿ. ಏರಿನಲ್ಲಿ ರಿವರ್ಸ್ ಕೂಡ ತೆಗೆದು ನೋಡಿ, ಏಕೆಂದರೆ ತೋಟದ ಕಿರಿದಾರಿಯಲ್ಲಿ ಎದುರಿಗೆ ಪಿಕಪ್ ಬಂದರೆ ಅದೇ ಮಾಡಬೇಕಾಗುತ್ತದೆ. ನಂತರ ಇಳಿಜಾರಿನಲ್ಲಿ ಕೆಳಗಿನ ಗೇರ್‌ಗೆ ಹಾಕಿ ಎರಡೂ ಪೆಡಲ್‌ಗಳಿಂದ ಕಾಲು ತೆಗೆಯಿರಿ. ವೇಗ ಹಿಡಿತದಲ್ಲಿ ನಿಲ್ಲುತ್ತದೆಯೇ, ನಿಮ್ಮನ್ನು ಕೇಳದೆ ಮೇಲಿನ ಗೇರ್‌ಗೆ ಏರಿಬಿಡುತ್ತದೆಯೇ? ಈ ಒಂದು ಪರೀಕ್ಷೆಗಾಗಿ ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಹಂತ 6: ಘಾಟಿ ಇಳಿಯುವ ಕ್ರಮವನ್ನು ರೂಢಿಸಿಕೊಳ್ಳಿ

ಹಳೆಯ ಬಸ್ ಚಾಲಕರ ನಿಯಮ ಇಂದಿಗೂ ಸರಿ: ಯಾವ ಗೇರ್‌ನಲ್ಲಿ ಹತ್ತಬೇಕೋ ಅದೇ ಗೇರ್‌ನಲ್ಲಿ ಇಳಿಯಬೇಕು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ವೇಗ ಏರಿದ ಮೇಲಲ್ಲ. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಸದ್ದು ಮಾಡಿದರೆ ಅದಕ್ಕೆ ನೋವಾಗುತ್ತದೆ ಎಂದು ಮರುಗಬೇಡಿ, ಅದು ಅದಕ್ಕೆ ಸಹಜ. ಬ್ರೇಕನ್ನು ಸದಾ ಮೃದುವಾಗಿ ಒತ್ತಿಹಿಡಿಯುವ ಬದಲು ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಅದು ತಣಿಯುತ್ತದೆ.

ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಅವರ ಲೆಕ್ಕ ಈಗಿನ ಎಂಜಿನ್‌ಗಳಿಗೆ ತಲೆಕೆಳಗು. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಸಿಂಪಡಣೆ ಪೂರ್ತಿ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲೆಂದು ಇಂಧನ ಉರಿಯುತ್ತಲೇ ಇರುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದವರಿಗೆ ಉಳಿತಾಯವೂ ಇಲ್ಲ, ತಡೆಯೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಸಾವಿನೊಡನೆ ಆಟ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಮಳೆಗಾಲಕ್ಕೆ ಒಂದು ತಿದ್ದುಪಡಿ ಇದೆ. ಪಾಚಿಗಟ್ಟಿದ, ಕೊಳೆತ ಎಲೆ ಬಿದ್ದ ರಸ್ತೆಯಲ್ಲಿ ಮೂರರಿಂದ ಒಮ್ಮೆಲೇ ಒಂದಕ್ಕೆ ಹಾಕಿದರೆ ಚಕ್ರಗಳು ಹಿಡಿತ ತಪ್ಪಿ ಜಾರುತ್ತವೆ. ಒಂದೊಂದೇ ಗೇರ್ ಇಳಿಸಿ. ಬ್ರೇಕ್ ಪೆಡಲ್ ಮೆತ್ತಗಾದರೆ ಅಥವಾ ಸುಟ್ಟ ವಾಸನೆ ಬಂದರೆ, ಇನ್ನೂ ಕೆಳಗಿನ ಗೇರ್ ಹಾಕಿ, ಅಗಲವಿರುವ ಮೊದಲ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಕೆಂಪಗೆ ಕಾದ ಡಿಸ್ಕಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ಇನ್ನೊಂದು ಮಾತು, ಕಿರಿದಾದ ಜಾಗದಲ್ಲಿ ಹತ್ತಿ ಬರುವವರಿಗೆ ಮೊದಲು ದಾರಿ ಬಿಡಿ. ನಿಯಮವೂ ಅದನ್ನೇ ಹೇಳುತ್ತದೆ, ಅವರ ಕ್ಲಚ್ಚೂ ಉಳಿಯುತ್ತದೆ.

ಹಂತ 7: ಆರೈಕೆ, ಮತ್ತು ಹಳೆಯ ಕಾರು ಕೊಳ್ಳುವಾಗ

ಗೇರ್‌ಬಾಕ್ಸಿನ ಎಣ್ಣೆ ಜೀವಮಾನಕ್ಕೂ ಸಾಕು ಎಂದು ಯಾರಾದರೂ ಹೇಳಿದರೆ, ಕೈಪಿಡಿಯನ್ನೇ ತೆಗೆದು ಓದಿ. ಘಾಟಿ ಓಡಾಟವನ್ನು ಕಠಿಣ ಬಳಕೆಯೆಂದು ಎಣಿಸುವ ಕೈಪಿಡಿಗಳಲ್ಲಿ ಎಣ್ಣೆ ಬದಲಿಸುವ ಅಂತರ ಕಡಿಮೆ ಇರುತ್ತದೆ. ಸಿವಿಟಿಗೆ ಅದಕ್ಕೆಂದೇ ತಯಾರಾದ ಎಣ್ಣೆಯನ್ನೇ ಹಾಕಿಸಿ, ಬೇರೆ ಆಟೊಮ್ಯಾಟಿಕ್ ಎಣ್ಣೆ ಹಾಕಿದರೆ ಬೆಲ್ಟ್ ಜಾರುತ್ತದೆ. ಮಳೆಗಾಲದಲ್ಲಿ ತೋಡು ದಾಟುವಾಗ ನೀರು ಚಕ್ರದ ಅರ್ಧಕ್ಕಿಂತ ಮೇಲೆ ಬಂದಿದ್ದರೆ ಎಣ್ಣೆಯನ್ನು ಒಮ್ಮೆ ತೋರಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಅಂದೇ ಬದಲಿಸಬೇಕು.

ಆಟೊಮ್ಯಾಟಿಕ್ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಿರುವಾಗ ಒಳಗೆ ಎಣ್ಣೆ ಹರಿಯುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ. ಸಣ್ಣ ರಿಪೇರಿಯೊಂದು ಇಡೀ ಗೇರ್‌ಬಾಕ್ಸನ್ನೇ ನುಂಗಬಹುದು. ಚಾಲನೆಯ ಚಕ್ರಗಳನ್ನು ನೆಲದಿಂದ ಎತ್ತಿ ಒಯ್ಯುವ ವಾಹನವನ್ನೇ ಕರೆಸಿ.

ಹಳೆಯ ಕಾರು ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಿ. ಮ್ಯಾನುಯಲ್ ಆದರೆ ಏರಿನಲ್ಲಿ ಮೂರನೇ ಗೇರ್ ಹಾಕಿ ಜೋರಾಗಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟಾರ್ಕ್ ಕನ್ವರ್ಟರ್ ಆದರೆ ಬ್ರೇಕ್ ಹಿಡಿದು ಎನ್‌ನಿಂದ ಡಿಗೂ ಆರ್‌ಗೂ ಹಾಕಿ ನೋಡಿ. ಧಡಕ್ಕೆನ್ನುವ ಏಟು ಬಂದರೆ, ಗೇರ್ ಕೂರಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಮರಳಿ ಬನ್ನಿ. ಸಿವಿಟಿಯಲ್ಲಿ ನಿಧಾನ ವೇಗದಲ್ಲಿ ನಡುಕ, ಕೀರಲು ಸದ್ದು ಇದೆಯೇ ಗಮನಿಸಿ. ಎಎಂಟಿ, ಒಣ ಕ್ಲಚ್ಚಿನ ಡಿಸಿಟಿ ಎರಡಕ್ಕೂ ಅರ್ಧ ಗಂಟೆ ಏರಿಳಿತದಲ್ಲಿ ಓಡಿಸಿದ ಮೇಲೆ, ಎಲ್ಲವೂ ಕಾದಿರುವಾಗ, ಕಡಿದಾದ ಏರಿನಲ್ಲಿ ನಿಲ್ಲಿಸಿ ಎತ್ತುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಅಣ್ಣ ಹೊಸ ಕ್ಲಚ್ ಹಾಕಿಸಿದ ಮೇಲೆ ಅದೇ ಗೇಟಿನ ಮುಂದೆ ನಾವು ಹಾಗೆಯೇ ನೋಡಿದೆವು: ಮೂರು ಸಲ ನಿಲ್ಲಿಸಿ, ಮೂರು ಸಲವೂ ಬ್ರೇಕ್ ಮೇಲೆ ಕಾಲಿಟ್ಟು. ಸರಪಳಿಯನ್ನೂ ಬದಲಿಸಿದೆವು.